ಪುಟ್ಟಪರ್ತಿಯಿಂದ ಝಾರ್ಸುಗುಡಕ್ಕೆ ಎಳೆದ ಗೆರೆ

ನನ್ನ ಭಾವನವರಿಗೆ ದೂರ ಅಳೆಯುವ ಚಟ. ಕುಡಿತವೋ ಇಸ್ಪೀಟೋ ಆಗಿದ್ದರೆ ಅಕ್ಕ ಯಾರ ಹತ್ತಿರವಾದರೂ ಹೇಳಿಕೊಂಡು ಅತ್ತು ಹಗುರಾಗಬಹುದಿತ್ತು. ಇದು ಹೇಳಿಕೊಳ್ಳಲಿಕ್ಕೂ ಬಾರದ ಚಟ. ಬೆಳಿಗ್ಗೆ ತಿಂಡಿ ಮುಗಿಸಿ ಮಂಚೇನಹಳ್ಳಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತರೆಂದರೆ, ಬಂದವರಿಗೆಲ್ಲ ಫೋನು ನೋಡಿ ಹೇಳುತ್ತಾರೆ: ಇಲ್ಲಿಂದ ಶಿಡ್ಲಘಟ್ಟ ಇಷ್ಟು ಕಿಲೋಮೀಟರು, ಚಿಂತಾಮಣಿ ಇಷ್ಟು ನಿಮಿಷ. ಕೇಳುತ್ತಾ ಕೂತವರು ಇಪ್ಪತ್ತು ವರ್ಷದಿಂದ ಅದೇ ರಸ್ತೆಯಲ್ಲಿ ರೇಷ್ಮೆಗೂಡಿನ ಮೂಟೆ ಸಾಗಿಸುವ ಜನ. ಅವರು ಕಾಫಿ ಹೀರುತ್ತಾ ತಲೆ ಆಡಿಸುತ್ತಾರೆ. ಭಾವ ಅದನ್ನು ಮೆಚ್ಚುಗೆ ಎಂದುಕೊಳ್ಳುತ್ತಾರೆ.

ಅವರ ಜಮೀನನ್ನು ಬೇರೆಯವರು ಮಾಡುತ್ತಾರೆ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯಬೇಕಾದ ದಿನ ಇವರಿಗೆ ಗೊತ್ತಿಲ್ಲ, ಆದರೆ ತೋಟದಿಂದ ದುಬೈಗೆ ಎಷ್ಟು ಗಂಟೆ ಎಂಬುದು ಗೊತ್ತು. ಒಮ್ಮೆ ನಾವು ಮೂವರೂ ಮುರುಗಮಲ್ಲದ ದರ್ಗಾಕ್ಕೆ ಹೋಗಿದ್ದೆವು. ಅಕ್ಕನ ಮಗಳಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ, ಅಕ್ಕ ಹರಕೆ ಹೊತ್ತಿದ್ದಳು. ಭಾವ ಫೋನು ಹೇಳಿದ ಸಮಯವನ್ನೇ ನಂಬಿ ಹೊರಡಿಸಿದರು. ಚಿಂತಾಮಣಿಯ ಸಂತೆಯ ಗದ್ದಲದಲ್ಲೇ ಒಂದು ಗಂಟೆ ಸಿಕ್ಕಿಕೊಂಡೆವು. ಊರಿನ ಸಂತೆಯ ದಿನ ಯಾವುದು ಎಂದು ಅಕ್ಕನನ್ನು ಕೇಳಿದ್ದರೆ ಅವಳೇ ಹೇಳುತ್ತಿದ್ದಳು. ಭಾವ ಮಾತ್ರ ದಾರಿಯುದ್ದಕ್ಕೂ, "ಫೋನ್ ಸರಿಯಾಗೇ ಹೇಳೈತೆ, ಜನ ಅಡ್ಡ ಬರ್ತವ್ರೆ" ಎಂದರು.

ನಾನು ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು. ಕಾಗದದಲ್ಲಿ ಸಮಾಜ ವಿಜ್ಞಾನದ ಮೇಡಂ, ಮನಸ್ಸಿನಲ್ಲಿ ಬರೀ ಭೂಗೋಳದವಳು. ಗೋಳದ ಮೇಲೆ ಉಣ್ಣೆಯ ದಾರ ಎಳೆದು, ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಹೇಗೆ ಬಾಗಿರುತ್ತದೆ ಎಂದು ಮಕ್ಕಳಿಗೆ ತೋರಿಸುತ್ತಿದ್ದೆ. ದಾರ ಎಳೆದ ಮಾತ್ರಕ್ಕೆ ಅಲ್ಲಿ ದಾರಿ ಹುಟ್ಟುವುದಿಲ್ಲ ಎಂಬುದನ್ನೂ ಹೇಳುತ್ತಿದ್ದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಇದು ಅರ್ಥವಾಗುತ್ತಿತ್ತು.

ಭಾವನ ಬಗ್ಗೆ ನನಗಿದ್ದದ್ದು ಇವತ್ತು ನಿನ್ನೆಯ ತಾತ್ಸಾರವಲ್ಲ. ಅಕ್ಕನ ಮದುವೆಯಾದ ವರ್ಷದಿಂದ ಅವರು ನನ್ನನ್ನು ತಿದ್ದುತ್ತಲೇ ಬಂದಿದ್ದರು. ನಂದಿಬೆಟ್ಟದ ಎತ್ತರ, ಪೆನ್ನಾ ನದಿಯ ಮೂಲ, ಯಾವುದನ್ನು ಹೇಳಿದರೂ, "ಹಂಗಲ್ಲಮ್ಮ ಅದು" ಎಂದು ಶುರು. ಹೋದ ವರ್ಷ ತೊಂಡೇಬಾವಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ನಮ್ಮ ನಾದಿನಿ ಮೂವತ್ತು ವರ್ಷ ಪ್ರಪಂಚದ ಪಾಠ ಮಾಡಿದ್ಲು. ಆದ್ರೆ ಪ್ರಪಂಚ ಅಂದ್ರೆ ಅವ್ಳಿಗೆ ಗೌರಿಬಿದನೂರಿಂದ ಮಂಚೇನಹಳ್ಳಿ" ಎಂದರು. ಪಂಕ್ತಿ ಪೂರ್ತಿ ನಕ್ಕಿತು. ನಾನೂ ನಕ್ಕೆ. ಎಲೆಯ ಮೇಲಿದ್ದ ಒಬ್ಬಟ್ಟು ಹಾಗೇ ಉಳಿಯಿತು.

ತಾವು ಮಾತ್ರ ಯಾವುದೋ ರೈತರ ತಂಡದ ಜೊತೆ ವಿಮಾನದಲ್ಲಿ ದೆಹಲಿಗೆ ಹೋಗಿ ಬಂದವರು ಎಂದು ಭಾವ ಹೇಳುತ್ತಿದ್ದರು. ಅಕ್ಕ ಆ ಮಾತು ಬಂದಾಗಲೆಲ್ಲ ಒಳಗೆ ಎದ್ದು ಹೋಗುತ್ತಿದ್ದಳು. ಯಾಕೆಂದು ನನಗೆ ಆಮೇಲೆ ತಿಳಿಯಿತು.

ಅಕ್ಕನ ಅಳಿಯ ಒಡಿಶಾದ ಝಾರ್ಸುಗುಡದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಹರಕೆಯೋ ಔಷಧಿಯೋ, ಕೊನೆಗೂ ಮಗಳು ಬಸುರಿಯಾದಳು. ಹೆರಿಗೆಗೆ ತವರಿಗೆ ಬರಬೇಕಿತ್ತು. ರಕ್ತದೊತ್ತಡ ಏರುತ್ತಿದೆ, ಪ್ರಯಾಣ ಬೇಡ ಎಂದು ಅಲ್ಲಿನ ಡಾಕ್ಟರು ತಡೆದರು. ತಿಂಗಳು ತುಂಬುವ ಹೊತ್ತಿಗೆ ತಾನೇ ಅಲ್ಲಿಗೆ ಹೋಗುವುದೆಂದು ಅಕ್ಕ ನಿರ್ಧರಿಸಿ, ಹುರಿಹಿಟ್ಟು, ಒಣಶುಂಠಿ, ಅಂಟಿನುಂಡೆ ಎಲ್ಲ ಮಾಡಿ ಡಬ್ಬಿಗಳಲ್ಲಿ ತುಂಬಿಸಿ ಇಟ್ಟಿದ್ದಳು. ಹೆರಿಗೆಯ ದಿನಕ್ಕೆ ಇನ್ನೂ ಮೂರು ವಾರ ಇತ್ತು.

ಒಂದು ಮಂಗಳವಾರ ಬೆಳಿಗ್ಗೆ ಅಳಿಯನ ಫೋನು ಬಂತು. ಇನ್ನು ಕಾಯುವ ಹಾಗಿಲ್ಲ, ನಾಳೆ ಸಂಜೆ ಆಪರೇಷನ್ ಮಾಡಿ ಮಗು ತೆಗೆಯುತ್ತಾರೆ, ಅತ್ತೆ ಬಂದರೆ ಅವಳಿಗೆ ಧೈರ್ಯ ಎಂದ. ಮಗಳೂ ಮಾತಾಡಿದಳು. "ಅಮ್ಮ, ನೀ ಬರೋದ್ರೊಳ್ಗೆ ನನ್ನ ಒಳಗೆ ಕರ್ಕೊಂಡು ಹೋಗ್ಬಿಡ್ತಾರೇನೋ" ಎಂದಳಂತೆ. ಅಕ್ಕ, "ನಾಳೆ ಮಧ್ಯಾಹ್ನ ಅನ್ನೋದ್ರೊಳ್ಗೆ ನಿನ್ನ ಪಕ್ಕದಲ್ಲಿ ಇರ್ತೀನಿ" ಎಂದು ಮಾತು ಕೊಟ್ಟಳು.

ದೇವನಹಳ್ಳಿಯ ವಿಮಾನ ನಿಲ್ದಾಣ ಅವರ ಮನೆಯಿಂದ ಒಂದೂವರೆ ಗಂಟೆಯೂ ಇಲ್ಲ. ನಮ್ಮ ತೋಟಗಳ ಮೇಲೆ ದಿನಾ ಹಾರುವುದು ಅದೇ ವಿಮಾನಗಳು. ಯಾರೇ ಆಗಲಿ ಅಲ್ಲಿಂದ ಹೊರಡುತ್ತಿದ್ದರು. ಆದರೆ ಭಾವ ಯಾರೇ ಆಗಲಿ ಮಾಡುವುದನ್ನು ಮಾಡುವವರಲ್ಲ. ಹೋಟೆಲಿನ ಮೂಲೆಯಲ್ಲಿ ಕೂತು ಫೋನಿನಲ್ಲಿ ಏನೇನೋ ಹುಡುಕಿ ಒಂದು ಪುಟ ಹಿಡಿದರು. ಅದನ್ನು ಮಧ್ಯಾಹ್ನ ನನಗೂ ಕಳಿಸಿ, ಹಿಂದೆಯೇ ಫೋನು ಮಾಡಿದರು.

"ನೋಡ್ದಾ? ಪುಟ್ಟಪರ್ತಿ ಏರ್‌ಪೋರ್ಟ್‌ನಿಂದ ಝಾರ್ಸುಗುಡ ಏರ್‌ಪೋರ್ಟ್‌ಗೆ ಸಾವಿರದ ಎಂಬತ್ತು ಚಿಲ್ಲರೆ ಕಿಲೋಮೀಟರು. ಹಾರೋ ಟೈಮು ಎರಡು ಗಂಟೆನೂ ಇಲ್ಲ. ದೇವನಹಳ್ಳಿಯಿಂದಾದ್ರೆ ನಡುವೆ ವಿಮಾನ ಬದಲಾಯಿಸ್ಬೇಕು. ಇದು ಡೈರೆಕ್ಟ್. ಗೆರೆ ಎಳ್ದವ್ರೆ ನೋಡು, ಸೀದಾ."

"ಟಿಕೆಟ್?" ಎಂದೆ.

"ಚಿಕ್ಕ ಏರ್‌ಪೋರ್ಟ್ ಕಣಮ್ಮ ಅದು. ರಶ್ ಇರಲ್ಲ. ಅಲ್ಲೇ ಕೌಂಟರಲ್ಲಿ ತಗೊಳ್ಳೋದು. ನಾಳೆ ಬೆಳಿಗ್ಗೆ ನೀನೂ ಬಾ, ನಿಮ್ಮಕ್ಕಂಗೆ ಜೊತೆಯಾಗುತ್ತೆ. ವಿಮಾನ ಹತ್ತೋದು ಹೆಂಗೆ ಅಂತ ನೀನೂ ನೋಡ್ದಂಗಾಗುತ್ತೆ."

ಫೋನಿಟ್ಟು ಆ ಪುಟ ತೆರೆದೆ. ಭೂಪಟದ ಮೇಲೆ ಎರಡು ಚುಕ್ಕಿ, ನಡುವೆ ಒಂದು ಕೆಂಪು ಗೆರೆ. ಕೆಳಗೆ ದೂರ, ಹಾರಾಟದ ಸಮಯ. ಹೆಸರೇ ಕೇಳದ ಊರುಗಳ ನಡುವೆಯೂ ಅಂಥ ನೂರಾರು ಗೆರೆಗಳ ಪಟ್ಟಿ. ಯಾವನೋ ಒಬ್ಬ ಕಂಪ್ಯೂಟರಿಗೆ ಲೋಕದ ವಿಮಾನ ನಿಲ್ದಾಣಗಳ ಪಟ್ಟಿ ಕೊಟ್ಟು, ಎಲ್ಲವನ್ನೂ ಎಲ್ಲಕ್ಕೂ ಗೆರೆ ಎಳೆ ಎಂದು ಬಿಟ್ಟಿದ್ದಾನೆ. ಕತ್ತೆಯನ್ನು ಗಾಣಕ್ಕೆ ಕಟ್ಟಿದರೆ ಅದು ಎಳ್ಳು ಇದೆಯೋ ಇಲ್ಲವೋ ನೋಡದೆ ಸುತ್ತುವ ಹಾಗೆ. ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ, ಇದು ಎರಡು ಸ್ಥಳಗಳ ನಡುವಿನ ನೇರ ದೂರದ ಲೆಕ್ಕ ಮಾತ್ರ, ಈ ಮಾರ್ಗದಲ್ಲಿ ವಿಮಾನ ಓಡುತ್ತದೆ ಎಂದು ಅರ್ಥವಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದಾದ ಮೇಲೆ ಇನ್ನೆರಡು ಕಡೆ ಹುಡುಕಿದೆ. ಪುಟ್ಟಪರ್ತಿಯಿಂದ ಸಾಮಾನ್ಯ ಪ್ರಯಾಣಿಕರು ಟಿಕೆಟ್ ಕೊಂಡು ಹತ್ತುವ ವಿಮಾನ ಆ ದಿನಗಳಲ್ಲಿ ಎಲ್ಲಿಗೂ ಇರಲಿಲ್ಲ.

ಅಕ್ಕನಿಗೆ ಫೋನು ಮಾಡಬೇಕಿತ್ತು. ಬೆರಳು ಅವಳ ಹೆಸರಿನ ಮೇಲೆ ಇಟ್ಟೆ ಕೂಡ. ಆಗ ನನ್ನ ಕಣ್ಣಿಗೆ ಕಂಡದ್ದು ಅಕ್ಕನಲ್ಲ, ಮುಚ್ಚಿದ ಗೇಟಿನ ಮುಂದೆ ಫೋನು ಹಿಡಿದು ನಿಂತ ಭಾವ. ಆ ಚಿತ್ರ ಬಹಳ ರುಚಿಯಾಗಿತ್ತು. ಒಂದು ಸಲ, ಒಂದೇ ಒಂದು ಸಲ, ಅವರ ಲೆಕ್ಕ ಅವರ ಮುಖಕ್ಕೇ ಬಡಿಯಲಿ ಎನಿಸಿತು. ಗೇಟಿನ ಹತ್ತಿರ ನಾನು ಏನು ಹೇಳಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡೆ. ಫೋನು ಕೆಳಗಿಟ್ಟು ಸಾರಿಗೆ ಒಗ್ಗರಣೆ ಹಾಕಿದೆ. ನಾಳೆ ಬೆಳಿಗ್ಗೆ ಅಲ್ಲಿಂದ ತಿರುಗಿ ದೇವನಹಳ್ಳಿಗೆ ಹೋದರೂ ಮಧ್ಯಾಹ್ನದ ಯಾವುದೋ ವಿಮಾನ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಿಗುತ್ತದೆಯೇ ಎಂದು ಮಾತ್ರ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಭಾವನೇ ಕಾರು ಓಡಿಸಿಕೊಂಡು ಬಂದು ಗೌರಿಬಿದನೂರಿನಲ್ಲಿ ನನ್ನನ್ನು ಹತ್ತಿಸಿಕೊಂಡರು. ಅಕ್ಕ ಹಿಂದಿನ ಸೀಟಿನಲ್ಲಿ, ಡಬ್ಬಿಗಳ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಳು. ಮದುವೆಗಳಿಗೆ ಉಡುವ ಮೈಸೂರು ಸಿಲ್ಕ್ ಉಟ್ಟಿದ್ದಳು. ವಿಮಾನಕ್ಕೆ ಅದನ್ನೇ ಉಡಬೇಕು ಎಂದುಕೊಂಡಿದ್ದಳೇನೋ. ಹಿಂದೂಪುರದವರೆಗೆ ಭಾವ ವಿಮಾನದ ವೇಗ, ಎತ್ತರ, ಗಾಳಿಯ ದಿಕ್ಕುಗಳ ಬಗ್ಗೆ ಹೇಳಿದರು. "ಪೈಲಟ್‌ಗೆ ಹಿಂದ್ಗಡೆ ಗಾಳಿ ಸಿಕ್ರೆ ಇನ್ನೂ ಹತ್ತು ನಿಮಿಷ ಉಳಿಯುತ್ತೆ" ಎಂದರು. ನಾನು ಹೂಂಗುಟ್ಟಿದೆ. ಒಳಗೊಳಗೇ ನಗುತ್ತಿದ್ದೆ ಎಂಬುದನ್ನು ಬಚ್ಚಿಡುವುದಿಲ್ಲ.

ನಿಲ್ದಾಣ ತಲುಪಿದಾಗ ಒಂಬತ್ತೂವರೆ. ಗೇಟು ಮುಚ್ಚಿತ್ತು. ಒಳಗೆ ಉದ್ದಕ್ಕೆ ಬಿಸಿಲು, ಒಣಹುಲ್ಲು. ಕಾವಲಿನವನು ಎದ್ದು ಬಂದು, ತೆಲುಗಿನಲ್ಲಿ, ಎಲ್ಲಿಗೆ ಬಂದಿರಿ ಎಂದು ಕೇಳಿದ. ಭಾವ ತೆಲುಗಿನಲ್ಲೇ ಝಾರ್ಸುಗುಡದ ವಿಮಾನ ಎಷ್ಟು ಹೊತ್ತಿಗೆ ಎಂದರು. ಅವನಿಗೆ ಊರಿನ ಹೆಸರು ಎರಡು ಸಲ ಹೇಳಿದರೂ ತಿಳಿಯಲಿಲ್ಲ.

"ಇಕ್ಕಡ ಟಿಕೆಟ್ಲು ಇವ್ವರು ಸಾರ್. ಮೀರು ಬೆಂಗಳೂರು ಪೋವಾಲಿ" ಎಂದ. ಇಲ್ಲಿ ಟಿಕೆಟ್ ಕೊಡುವುದಿಲ್ಲ, ನೀವು ಬೆಂಗಳೂರಿಗೇ ಹೋಗಬೇಕು ಎಂದು, ಮರ್ಯಾದೆಯಾಗಿಯೇ ಹೇಳಿದ.

ಭಾವ ಫೋನು ತೆಗೆದು ಅವನ ಮುಂದೆ ಹಿಡಿದರು. ಅವನು ಆ ಕೆಂಪು ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, ಕಾರಿನಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿ, ಮತ್ತೆ ಅದನ್ನೇ ಹೇಳಿದ. ನಾನು ಕಾದದ್ದು ಈ ಗಳಿಗೆಗೆ. ಈಗ ಭಾವನ ಮುಖ ಕುಗ್ಗಬೇಕು, ಮಾತು ತಡವರಿಸಬೇಕು. ಹಾಗೇನೂ ಆಗಲಿಲ್ಲ. ಅವರು ನಮ್ಮ ಕಡೆ ತಿರುಗಿ, "ಇವ್ನಿಗೇನು ಗೊತ್ತು. ಆಫೀಸ್ ಹತ್ತು ಗಂಟೆಗೆ ತೆಗಿಯುತ್ತೆ, ಇರಣ" ಎಂದರು. ಹತ್ತಾಯಿತು, ಹನ್ನೊಂದಾಯಿತು. ಭಾವ ಯಾರು ಯಾರಿಗೋ ಫೋನು ಮಾಡುತ್ತಾ ಗೇಟಿನುದ್ದಕ್ಕೂ ಓಡಾಡಿದರು. ತನ್ನ ದಡ್ಡತನ ಗೊತ್ತಾಗುವುದಕ್ಕೂ ಒಂದಿಷ್ಟು ಬುದ್ಧಿ ಬೇಕು. ಅದಿಲ್ಲದವನನ್ನು ಯಾರೂ ಅವಮಾನ ಮಾಡಲಾರರು. ಮೂವತ್ತು ವರ್ಷ ದಡ್ಡ ಮಕ್ಕಳನ್ನೂ ಜಾಣ ಮಕ್ಕಳನ್ನೂ ನೋಡಿದ ನನಗೆ ಇದು ಅಲ್ಲಿಯತನಕ ಹೊಳೆದಿರಲಿಲ್ಲ.

ಅಕ್ಕ ಕಾರಿನಿಂದ ಇಳಿದಿರಲೇ ಇಲ್ಲ. ನಾನು ಸಿದ್ಧಪಡಿಸಿಟ್ಟುಕೊಂಡಿದ್ದ ಮಾತು ನಾಲಿಗೆಯ ಮೇಲೆ ಇತ್ತು, ಅವಳ ಮುಖ ನೋಡಿ ನುಂಗಿಕೊಂಡೆ. "ಭಾವ, ದೇವನಹಳ್ಳಿಗೆ ಹೋಗಣ, ಹೊತ್ತಾಗುತ್ತೆ" ಎಂದಷ್ಟೇ ಅಂದೆ. ಅವರು ಹನ್ನೊಂದೂವರೆಯವರೆಗೂ ಕೇಳಲಿಲ್ಲ.

ವಾಪಸು ಬರುವಾಗ ಹಿಂದೂಪುರದ ಹತ್ತಿರ ಭಾವ ಎಳನೀರು ಕುಡಿಯಲು ಇಳಿದರು. ಕಾರಿನಲ್ಲಿ ನಾವಿಬ್ಬರೇ. ನಾನು ಆಗ ದೇವನಹಳ್ಳಿಯ ವಿಮಾನ ಹುಡುಕುತ್ತಿದ್ದೆ. ಆ ದಿನ ಝಾರ್ಸುಗುಡ ಮುಟ್ಟಿಸುವ ವಿಮಾನ ಬೆಳಿಗ್ಗೆಯೇ ಹೋಗಿತ್ತು. ಇನ್ನು ನಾಳೆಯೇ.

ಅಕ್ಕ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ಕೇಳಿದಳು: "ನಿಂಗೂ ಕಳ್ಸಿದ್ರಲ್ಲ ಅದ್ನ. ನೀ ಓದ್ಲಿಲ್ವಾ?"

"ಓದ್ದೆ."

"ಏನಂತಿತ್ತು?"

ಸುಳ್ಳು ಹೇಳಬಹುದಿತ್ತು. ಸಾಧ್ಯವಾಗಲಿಲ್ಲ. "ಅಲ್ಲಿಂದ ವಿಮಾನ ಇಲ್ಲ ಅಂತ."

"ಯಾವಾಗ ಓದ್ದೆ?"

"ನೆನ್ನೆ ಮಧ್ಯಾಹ್ನ."

ಅಕ್ಕ ಚೀಲದ ಬಾಯಿಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು. ಆಮೇಲೆ ಹೇಳಿದಳು: "ಅವ್ರು ಹಂಗೇ ಕಣೇ. ದೆಲ್ಲಿಗೆ ಹೋಗಿದ್ದೆ ಅಂತಾರಲ್ಲ, ಅದು ರೈಲಲ್ಲಿ. ಪಾಪ, ಅವ್ರಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು."

ಅಷ್ಟೇ. ಭಾವ ನಮಗೆಂದು ಎರಡು ಎಳನೀರು ಹಿಡಿದು ಬಂದರು. ಅಕ್ಕ ಒಂದನ್ನು ಇಸಿದುಕೊಂಡು ಕುಡಿದಳು. ನನ್ನದು ಕೈಯಲ್ಲೇ ಇತ್ತು. ಆ ಮನುಷ್ಯನ ಮೇಲಿನ ನನ್ನ ತಾತ್ಸಾರವೆಲ್ಲ ಆ ರಸ್ತೆಯ ಬದಿಯಲ್ಲಿ ಕೆಟ್ಟು ನಾರತೊಡಗಿತು. ತಾತ್ಸಾರ ಹೋಗಲಿಲ್ಲ, ಅದರ ಪಾಲುದಾರರು ಇಬ್ಬರಾದರು.

ನಮ್ಮ ಮನೆಗೆ ಬಂದೆವು. ಪಕ್ಕದ ಬೀದಿಯಲ್ಲಿ ಟಿಕೆಟ್ ಮಾಡಿಸಿಕೊಡುವ ಒಬ್ಬಾಕೆ ಇದ್ದಾಳೆ, ನನ್ನ ಹಳೆಯ ವಿದ್ಯಾರ್ಥಿನಿ. ಅಕ್ಕನೇ ಹೋಗಿ ಅವಳ ಎದುರು ಕೂತಳು. ನಾನೂ ಬರುತ್ತೇನೆ, ಎರಡು ಟಿಕೆಟ್ ಮಾಡಮ್ಮ ಎಂದೆ. ಭಾವ ಮೂರು ಎಂದರು. ಅಕ್ಕ, "ಒಂದೇ ಸಾಕು. ನಾನೊಬ್ಳೇ ಹೋಗ್ತೀನಿ" ಎಂದಳು. ನಡುವೆ ಹೈದರಾಬಾದಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು, ಅಕ್ಕ ಓದಿದ್ದು ಏಳನೇ ಕ್ಲಾಸು, ಹಿಂದಿ ಬರುವುದಿಲ್ಲ ಎಂದು ಭಾವ ವಿವರಿಸತೊಡಗಿದರು. ಅಕ್ಕ ಅವರ ಮಾತು ಮುಗಿಯುವವರೆಗೆ ಕಾದು, ಆ ಹೆಂಗಸಿಗೆ, "ಇಳ್ದು ಯಾವ ಕಡೆ ಹೋಗ್ಬೇಕು ಅಂತ ಕನ್ನಡದಲ್ಲಿ ಬರ್ದು ಕೊಡಮ್ಮ" ಎಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳಿಯನ ಫೋನು ಬಂತು. ಹೆಣ್ಣು ಮಗು. ತೂಕ ಕಡಿಮೆ, ಆದರೆ ಚೆನ್ನಾಗಿದೆ. ತಾಯಿಗೆ ಇನ್ನೂ ಎಚ್ಚರವಾಗಿಲ್ಲ. ಒಳಗೆ ಹೋಗುವ ಮುಂಚೆ ಅವಳು, ಅಮ್ಮ ಬಂದಳಾ ಎಂದು ಎರಡು ಸಲ ಕೇಳಿದಳಂತೆ. ಏರ್‌ಪೋರ್ಟಿನಿಂದ ಬರುತ್ತಿದ್ದಾರೆ ಎಂದು ಅವನು ಸುಳ್ಳು ಹೇಳಿದನಂತೆ. ಅಕ್ಕ ಕೇಳಿಸಿಕೊಂಡು, "ಒಳ್ಳೇದು ಮಾಡ್ದೆ ಬಿಡಪ್ಪ" ಎಂದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತೆ. ಭಾವ ಹಜಾರದಲ್ಲಿ ಮಗು ಹುಟ್ಟಿದ ಗಳಿಗೆಯನ್ನು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ದೇವನಹಳ್ಳಿ. ಬಾಗಿಲಲ್ಲಿ ಟಿಕೆಟ್ ತೋರಿಸಿದವರನ್ನು ಮಾತ್ರ ಒಳಗೆ ಬಿಡುತ್ತಾರೆ. ಭಾವ ಅಕ್ಕನ ಹಿಂದೆಯೇ ನುಗ್ಗಲು ಹೋಗಿ ತಡೆಯಿಸಿಕೊಂಡರು. "ಒಳಗೆ ಬಿಟ್ಟು ಬರೋಕೆ ಪ್ಲಾಟ್‌ಫಾರ್ಮ್ ಟಿಕೆಟ್ ಎಲ್ಲಿ ಕೊಡ್ತಾರೆ?" ಎಂದು ಕೇಳಿದರು. ಬಂದೂಕು ಹಿಡಿದವನು ಹಿಂದಿನವರನ್ನು ಮುಂದಕ್ಕೆ ಕರೆದ. ನಿನ್ನೆ ನಾನು ಆಸೆಪಟ್ಟ ದೃಶ್ಯ ಇವತ್ತು ಪುಕ್ಕಟೆಯಾಗಿ ಕಣ್ಣ ಮುಂದೆ ನಡೆಯುತ್ತಿತ್ತು. ನನಗೆ ನೋಡಲು ಮನಸ್ಸಾಗಲಿಲ್ಲ. ಗಾಜಿನಾಚೆ ಅಕ್ಕ ಚೀಟಿಯನ್ನು ಕೈಯಲ್ಲಿ ಹಿಡಿದು, ಸಾಮಾನಿನ ಗಾಡಿಯನ್ನು ಎಮ್ಮೆ ಹೊಡೆದುಕೊಂಡು ಹೋಗುವವಳ ಹಾಗೆ ಪಕ್ಕದಲ್ಲಿ ನಿಂತು ದೂಡುತ್ತಾ ಹೋದಳು. ಒಂದು ಕಡೆ ನಿಂತಳು, ಯಾರೋ ಹೆಂಗಸನ್ನು ಏನೋ ಕೇಳಿದಳು, ಎಡಕ್ಕೆ ತಿರುಗಿದಳು. ನಮ್ಮ ಕಡೆ ನೋಡಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಭಾವನಿಗೆ ಫೋನು ಬಂತು, ತಲುಪಿದೆ ಎಂದು. ನಾನಿನ್ನೂ ಅವರ ಜೊತೆಯಲ್ಲೇ ಇದ್ದೆ. ಅವರು ಮಗುವಿನ ವಿಷಯವನ್ನೂ ಕೇಳದೆ, "ಗಾಳಿಲಿ ಎಷ್ಟು ಹೊತ್ತಾಯ್ತು, ಕರೆಕ್ಟಾಗಿ ಹೇಳು" ಎಂದರು. ಅಕ್ಕ, "ನೋಡ್ಲಿಲ್ಲ" ಎಂದು ಫೋನಿಟ್ಟಳಂತೆ. ಭಾವ ಅದಕ್ಕೆ ಬೇಜಾರು ಮಾಡಿಕೊಂಡರು. ಅಷ್ಟು ದೂರ ಹೋದವಳು ಟೈಮು ನೋಡದಿದ್ದರೆ ಹೋಗಿ ಏನು ಪ್ರಯೋಜನ ಎಂದರು.

ಅಕ್ಕ ಅಲ್ಲಿ ಮೂರು ತಿಂಗಳು ಇದ್ದು, ಮಗಳನ್ನೂ ಕೂಸನ್ನೂ ತಾನೇ ಕರೆದುಕೊಂಡು ಬಂದಳು. ನನ್ನ ಹತ್ತಿರ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಹುಣಿಸೆಹಣ್ಣು ಕಳಿಸುತ್ತಾಳೆ. ಆದರೆ ಯಾವುದಾದರೂ ಗೊತ್ತು ಮಾಡಿಕೊಳ್ಳಬೇಕಾದಾಗ, ಬಸ್ಸಿನ ಸಮಯವೇ ಆಗಲಿ, ಮಾತ್ರೆಯ ಚೀಟಿಯೇ ಆಗಲಿ, ಪಕ್ಕದ ಮನೆಯವರನ್ನು ಕೇಳುತ್ತಾಳೆ. ಮುಂಚೆ ನನ್ನನ್ನು ಕೇಳುತ್ತಿದ್ದಳು. ಭಾವನನ್ನು ಯಾವತ್ತೂ ಕೇಳಿದವಳಲ್ಲ, ಹಾಗಾಗಿ ಅವರಿಗೆ ಯಾವ ವ್ಯತ್ಯಾಸವೂ ತಿಳಿದಿಲ್ಲ. ಹೋಟೆಲಿನಲ್ಲಿ ಈಗಲೂ ಅವರು, ಪುಟ್ಟಪರ್ತಿಯಿಂದ ಝಾರ್ಸುಗುಡಕ್ಕೆ ಎರಡು ಗಂಟೆಯೊಳಗೆ ಹೋಗಬಹುದು, ಸರ್ಕಾರ ಮನಸ್ಸು ಮಾಡಬೇಕು ಅಷ್ಟೆ ಎಂದು ಹೇಳುತ್ತಿರುತ್ತಾರೆ.

ಹೋದ ತಿಂಗಳು ಮಗುವಿನ ಮುಡಿ ತೆಗೆಸಿದ ದಿನ ಎಲ್ಲರೂ ಅಕ್ಕನ ಮನೆಯಲ್ಲಿ ಸೇರಿದ್ದೆವು. ಬೋಳುತಲೆಗೆ ಗಂಧ ಹಚ್ಚಿಸಿಕೊಂಡ ಕೂಸು ನನ್ನ ತೊಡೆಯ ಮೇಲೆ ಕೂತು ನನ್ನ ಕನ್ನಡಕಕ್ಕೆ ಕೈ ಹಾಕುತ್ತಿತ್ತು. ಅದರ ತಾಯಿ ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಾ, ಏನೋ ನೆನಪಾದವಳ ಹಾಗೆ, "ಚಿಕ್ಕಮ್ಮ, ಅವತ್ತು ಅಮ್ಮ ಯಾಕೆ ಒಂದು ದಿನ ತಡವಾಗಿ ಬಂದ್ಲು? ಅವ್ಳನ್ನ ಕೇಳಿದ್ರೆ ಹೇಳೋದೇ ಇಲ್ಲ" ಎಂದಳು.

ಭಾವ ಎದುರಿನ ಕುರ್ಚಿಯಲ್ಲಿದ್ದರು. ಗಂಟಲು ಸರಿಮಾಡಿಕೊಂಡು ಫೋನಿಗೆ ಕೈ ಹಾಕಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕನ ದನಿ ಬಂತು.

"ಆವತ್ತಿನ ಫ್ಲೈಟ್ ಸಿಗ್ಲಿಲ್ಲ ಕಣೇ. ಕಾಳು ಸುಲ್ದಾಯ್ತಾ, ತಗೊಂಬಾ."

ಮಗಳು ಮೊರ ಎತ್ತಿಕೊಂಡು ಒಳಗೆ ಹೋದಳು.